ಒತ್ತು ಎನ್ನುವವರು

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಹೇಳುವವರು ಬಹಳ. ಆ ನೆಲವನ್ನು ಅಳೆದು ನೋಡಿದವರು ಯಾರೂ ಇಲ್ಲ. ನನ್ನ ಮೊಮ್ಮಗಳ ಉದ್ಯೋಗ ನೆಲವನ್ನು ಅಳೆಯುವುದು. ಕಂಪ್ಯೂಟರಿನ ಪರದೆಯ ಮೇಲೆ ಪಾಠ ಹೇಳುವ ವ್ಯವಸ್ಥೆಗಳು ಈಗ ಎಲ್ಲೆಡೆ ಬಂದಿವೆ. ಕಲಿಯುವವರು ಅವುಗಳನ್ನು ಸುಲಭವಾಗಿ ಬಳಸಬಲ್ಲರೇ, ಎಲ್ಲಿ ಎಡವುತ್ತಾರೆ, ಎಡವಿದ್ದು ಕಾಲಿನ ತಪ್ಪೋ ಹಾದಿಯ ತಪ್ಪೋ ಎಂದು ಪರೀಕ್ಷಿಸಿ ವರದಿ ಕೊಡುವುದು ಅವಳ ಕೆಲಸ.

ಅವಳ ಜೊತೆಗಾರ ಪಾದ ಉಳುಕಿಸಿಕೊಂಡ ಕಾರಣ, ಸಮಯ ನೋಡಿ ಬರೆದುಕೊಳ್ಳುವ ಕೆಲಸ ಮೂರು ದಿನಗಳ ಮಟ್ಟಿಗೆ ನನ್ನ ಪಾಲಿಗೆ ಬಂದಿತು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವನಿಗೆ ಗಡಿಯಾರ ನೋಡಿ ಅಂಕಿ ಬರೆಯಲು ಹೊಸ ವಿದ್ಯೆಯೇನೂ ಬೇಕಿರಲಿಲ್ಲ.

"ಒಂದೇ ಷರತ್ತು ತಾತ," ಎಂದಳು. "ಬಾಯಿ ಬಿಡಬಾರದು. ಅವರು ತಪ್ಪು ಮಾಡಿದ್ರೂ ಸರಿ, ಅಳ್ತಾ ಕೂತ್ರೂ ಸರಿ. ನಾವು ಸಹಾಯ ಮಾಡಿದ್ವೋ, ಲೆಕ್ಕ ಕೆಡ್ತು."

"ಪರೀಕ್ಷೆ ಕೋಣೇಲಿ ಬಾಯಿ ಬಿಟ್ಟು ನನಗೆ ಅಭ್ಯಾಸ ಇಲ್ಲ."

"ಗೊತ್ತು. ಅದಕ್ಕೇ ಅಜ್ಜೀನ ಕರೀಲಿಲ್ಲ."

ಪರೀಕ್ಷೆ ನಡೆದದ್ದು ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅಲ್ಲಿ ಕ್ರಿಮಿಶುದ್ಧಿ ಕೋಣೆಯಿದೆ. ಶಸ್ತ್ರಚಿಕಿತ್ಸೆಗೆ ಬೇಕಾದ ಕತ್ತರಿ, ಚಿಮಟ, ಬಟ್ಟೆ ಎಲ್ಲವನ್ನೂ ಟ್ರೇಗಳಲ್ಲಿ ಕಟ್ಟಿ, ಆಳೆತ್ತರದ ಒಂದು ಉಕ್ಕಿನ ಯಂತ್ರದೊಳಗಿಟ್ಟು, ಕಾದ ಉಗಿಯಿಂದ ಶುದ್ಧಮಾಡಿ ಆಪರೇಷನ್ ಥಿಯೇಟರಿಗೆ ಕಳುಹಿಸುತ್ತಾರೆ. ಕೆಲಸ ಮಾಡುವವರು ಆರು ಮಂದಿ ಹೆಂಗಸರು. ಅವರಲ್ಲಿ ಹಿರಿಯರನ್ನು ಡಾಕ್ಟರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಉಗಿಯಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೇಳು, ಆ ಯಂತ್ರದ ಮುಂದೆ ನಿಂತು ಇಪ್ಪತ್ತೆಂಟು ವರ್ಷ.

ಈಗ ಹೊಸ ನಿಯಮ ಬಂದಿತ್ತು. ಪರದೆಯ ಮೇಲಿನ ಹದಿನಾಲ್ಕು ಪುಟದ ಪಾಠವನ್ನು ಓದಿ, ಕೊನೆಯಲ್ಲಿರುವ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಪಡೆದವರಷ್ಟೇ ಯಂತ್ರವನ್ನು ಮುಟ್ಟಬೇಕು. ಪಡೆಯದವರು ಬಟ್ಟೆ ಮಡಚುವ ವಿಭಾಗಕ್ಕೆ ಹೋಗಬೇಕು. ಗಡುವು ಶನಿವಾರ ಮಧ್ಯಾಹ್ನ ಎರಡು ಗಂಟೆ. ಉಗಿಯಕ್ಕ ಆಗಲೇ ಮೂರು ಸಲ ಪ್ರಯತ್ನಿಸಿದ್ದರು. ಮೂರು ಸಲವೂ ಐದನೆಯ ಪುಟದಲ್ಲಿ ನಿಂತುಬಿಟ್ಟಿದ್ದರು. ಉಳಿದ ಐವರದೂ ಅದೇ ಕಥೆ. ತಪ್ಪು ಪಾಠದ್ದೋ ಜನರದ್ದೋ ಎಂದು ಹೇಳಲು ನನ್ನ ಮೊಮ್ಮಗಳನ್ನು ಕರೆಸಲಾಗಿತ್ತು.

ಗುರುವಾರ ಬೆಳಿಗ್ಗೆ, ಯಂತ್ರದ ಕೋಣೆಗೆ ಅಂಟಿಕೊಂಡ ಉಗ್ರಾಣದಲ್ಲಿ, ಒಂದು ಮೇಜು, ಬೆರಳಿನಿಂದ ಪರದೆ ಮುಟ್ಟಿ ನಡೆಸುವ ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತೆವು. ಮೊದಲು ಬಂದವರು ಉಗಿಯಕ್ಕ. ಕೈ ತೊಳೆದುಕೊಂಡು ಬಂದಿದ್ದರು.

"ಮನಸ್ಸಿಗೆ ಬಂದಿದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ ಅಕ್ಕ," ಎಂದಳು ಮೊಮ್ಮಗಳು. "ಹೆದರ್ಕೋಬೇಡಿ. ಪರೀಕ್ಷೆ ನಿಮಗಲ್ಲ, ಈ ಪಾಠಕ್ಕೆ."

"ಪಾಠ ಫೇಲಾದ್ರೆ ಪಾಠಾನ ಬಟ್ಟೆ ಮಡಚೋಕೆ ಕಳಿಸ್ತಾರಾ?"

ಮೊಮ್ಮಗಳು ಪರದೆಯನ್ನು ಅವರತ್ತ ತಿರುಗಿಸಿದಳು.

ಮೊದಲ ನಾಲ್ಕು ಪುಟಗಳಿಗೆ ಹತ್ತೊಂಬತ್ತು ನಿಮಿಷ. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಮೂರನೆಯ ಪುಟದಲ್ಲಿ ತಡೆದು, "ಈ ಚಿತ್ರದಲ್ಲಿರೋ ಹುಡುಗಿ ಗ್ಲೌಸೇ ಹಾಕಿಲ್ಲ. ಕೈ ಸುಟ್ಕೊಂಡು ನಗ್ತಿದ್ದಾಳೆ ನೋಡಿ," ಎಂದರು. ನನ್ನ ಹಾಳೆಯಲ್ಲಿ ತಪ್ಪು ಒತ್ತು, ಅಂದರೆ ಒತ್ತಬಾರದ್ದನ್ನು ಒತ್ತಿದ್ದು: ಸೊನ್ನೆ.

ಐದನೆಯ ಪುಟದಲ್ಲಿ ಬರಹವಿಲ್ಲ. ಪರದೆಯ ತುಂಬ ಅವರದೇ ಯಂತ್ರದ ಚಿತ್ರ: ಬಾಗಿಲು, ಒತ್ತಡದ ಮುಳ್ಳು, ನೀರಿನ ಗೆರೆ, ಕೆಳಗೆ ಹಸಿರು ಗುಂಡಿ. ಎಲ್ಲವನ್ನೂ ನೋಡಿ ಯಂತ್ರವನ್ನು ಆರಂಭಿಸಿ ಎಂದು ಸೂಚನೆ. ಉಗಿಯಕ್ಕ ಒಂದೊಂದನ್ನೂ ನೋಡಿದರು. ಬೆರಳು ಗುಂಡಿಯವರೆಗೆ ಹೋಗಿ ಒಂದು ಅಂಗುಲ ದೂರದಲ್ಲಿ ನಿಂತಿತು.

"ಬಾಗಿಲು ಹಾಕಿದೆ. ಮುಳ್ಳು ಸರಿ ಇದೆ. ಒತ್ತಲಾ?"

"ನಿಮಗೇನನ್ಸುತ್ತೆ?" ಎಂದಳು ಮೊಮ್ಮಗಳು. ಪ್ರಶ್ನೆ ಕೇಳಿದವರಿಗೆ ಪ್ರಶ್ನೆಯನ್ನೇ ಹಿಂದಿರುಗಿಸಬೇಕೆಂಬುದು ಅವಳ ಕಸುಬಿನ ನಿಯಮ.

"ನನಗನ್ಸೋದೇನು ಬಂತು? ಒತ್ತಲಾ ಅಂತ ಕೇಳ್ದೆ."

"ನಾನು ಇಲ್ಲಿ ಇಲ್ಲದೇ ಇದ್ದಿದ್ರೆ ಏನು ಮಾಡ್ತಿದ್ರಿ?"

"ನೀನು ಇಲ್ದಿದ್ರೆ ಇನ್ಯಾರನ್ನಾದ್ರೂ ಕೇಳ್ತಿದ್ದೆ. ನಿನಗೂ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಮ್ಮ, ಅದರಲ್ಲಿ ನಾಚಿಕೆ ಏನಿದೆ?"

ಉಗಿಯಕ್ಕ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು?"

ನಾನು ಗಡಿಯಾರ ನೋಡಿದೆ. ಮೂರು ನಿಮಿಷ ಯಾವುದನ್ನೂ ಮುಟ್ಟದಿದ್ದರೆ ಪಾಠ ತಾನೇ ಮಾತನಾಡಿಸುತ್ತದೆ. ಪರದೆಯ ಮೇಲೆ ಹೌದು ಎನ್ನುವ ಗುಂಡಿಯೊಂದರ ಜೊತೆ ಅಕ್ಷರ ಮೂಡಿತು: "ನೀವು ಇದ್ದೀರಾ?"

"ಇದ್ದೀನಪ್ಪ, ಎಲ್ಲಿಗೆ ಹೋಗ್ಲಿ?" ಎಂದು ಉಗಿಯಕ್ಕ ಗಟ್ಟಿಯಾಗಿಯೇ ಹೇಳಿದರು. ಪರದೆಗೆ ಕಿವಿಯಿಲ್ಲ. ಅರ್ಧ ನಿಮಿಷ ಕಾದು, ಅವರನ್ನು ಮೊದಲನೆಯ ಪುಟಕ್ಕೆ ತಂದು ನಿಲ್ಲಿಸಿತು.

"ಹೂಂ," ಎಂದು ಅವರು ಎದ್ದರು. "ನಾಲ್ಕನೇ ಸಲ." ಬಾಗಿಲ ಬಳಿ ಹೋಗಿ, ಮಡಚಲು ಬಿಟ್ಟಿದ್ದ ಬಟ್ಟೆಯ ರಾಶಿಯೊಂದನ್ನು ಕಂಡು ಅದನ್ನು ಕಾಲಿನಿಂದ ಆಚೆ ಸರಿಸಿದರು.

ಅಂದೇ ಮಧ್ಯಾಹ್ನ ಆಸ್ಪತ್ರೆಯ ಆಡಳಿತಾಧಿಕಾರಿಗಳು ಇಳಿದುಬಂದರು. ಸಹಿ, ಊಟ, ನಡಿಗೆ ಎಲ್ಲವನ್ನೂ ಅವಸರದಲ್ಲಿ ಮುಗಿಸುವವರಾದ್ದರಿಂದ ಬೆನ್ನ ಹಿಂದೆ ಅವರ ಹೆಸರು ಚಕಚಕ ಸಾಹೇಬರು.

"ಇದರಲ್ಲಿ ಕಷ್ಟ ಏನಿದೆ? ನಾನೇ ತೋರಿಸ್ತೀನಿ, ಏಳಿ," ಎಂದು ಕುಳಿತರು. ಹನ್ನೊಂದು ನಿಮಿಷದಲ್ಲಿ ಹದಿನಾಲ್ಕು ಪುಟ, ಇಪ್ಪತ್ತು ಪ್ರಶ್ನೆ ಮುಗಿದವು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳಿದ್ದವು. ಹಸಿರು ಬಣ್ಣ ಬರುವವರೆಗೂ ಒಂದಾದ ಮೇಲೊಂದನ್ನು ಒತ್ತುತ್ತ ಹೋದರು. ಪಾಠ ಅದಕ್ಕೆ ಅಡ್ಡಿಮಾಡುವುದಿಲ್ಲ. ಏನನ್ನೂ ಅರಿಯದವನು ಹೀಗೆ ಒತ್ತುತ್ತ ಹೋದರೆ ಸರಾಸರಿ ಮೂವತ್ತು ತಪ್ಪುಗಳಾಗಬೇಕು. ಸಾಹೇಬರಿಗೆ ನಲವತ್ತೊಂದು ಆಗಿದ್ದವು. ಪರದೆ ಅವರನ್ನು ಅಭಿನಂದಿಸಿತು. ಪ್ರಮಾಣಪತ್ರವನ್ನು ಅಚ್ಚುಹಾಕಿಸಿ ಸೂಚನಾ ಫಲಕಕ್ಕೆ ತಾವೇ ಅಂಟಿಸಿದರು.

ಶುಕ್ರವಾರ ಮತ್ತೆ ಮೂವರು ಕುಳಿತರು. ಮೂವರೂ ಐದನೆಯ ಪುಟದಲ್ಲಿ ನಿಂತರು. ಮೂವರೂ ಬೆರಳನ್ನು ಎತ್ತಿಹಿಡಿದು ಮೊಮ್ಮಗಳ ಮುಖ ನೋಡಿದರು. ಅವಳು ಗೋಡೆ ನೋಡಿದಳು. ತಪ್ಪು ಒತ್ತು ಒಂದೂ ಇಲ್ಲ, ಮುಗಿಸಿದವರೂ ಒಬ್ಬರಿಲ್ಲ. ಸಂಜೆ ನನ್ನ ಹಾಳೆಯನ್ನು ಇಣುಕಿ ನೋಡಿದ ಸಾಹೇಬರು ತೃಪ್ತರಾದರು.

"ನಾನು ಹೇಳ್ಲಿಲ್ವಾ? ವರದೀಲಿ ಬರೀರಿ, ಪಾಠ ಸುಲಭ, ಜನ ಕಷ್ಟ. ಒಂದೇ ಸಾಲು ಸಾಕು. ನಾಳೆ ಎರಡು ಗಂಟೆಗೆ ಆರು ಜನಾನೂ ಬಟ್ಟೆಗೆ ಹಾಕಿ, ಬೇರೆಯವರನ್ನ ತರ್ತೀನಿ."

"ನಾಲ್ಕು ಜನಾನೂ ಒಂದೇ ಕಡೆ ನಿಂತ್ರೆ ಅದು ಜನರ ತಪ್ಪಿರಲ್ಲ ಸರ್," ಎಂದಳು ಮೊಮ್ಮಗಳು.

"ಹಾಗಾದ್ರೆ ಯಾರದು?"

ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿ, ಗುಂಡಿ ಚಿಕ್ಕದಾಗಿರಬೇಕೆಂದು ತೀರ್ಮಾನಿಸಿದಳು. ಪಾಠ ತಯಾರಿಸಿದವರಿಗೆ ಫೋನು ಮಾಡಿ ಅದನ್ನು ದೊಡ್ಡದು ಮಾಡಿಸಿದಳು. ಶನಿವಾರ ಬೆಳಿಗ್ಗೆ ಹಸಿರು ಗುಂಡಿ ಊಟದ ತಟ್ಟೆಯಷ್ಟಾಗಿತ್ತು. ಐದನೆಯವರು ಅದನ್ನು ಕಂಡು ಕುರ್ಚಿಯನ್ನೇ ಹಿಂದಕ್ಕೆಳೆದುಕೊಂಡರು.

"ಅಯ್ಯೋ ದೇವರೇ, ಇಷ್ಟು ದೊಡ್ಡದು! ಚಿಕ್ಕದಿದ್ದಾಗ್ಲೇ ಧೈರ್ಯ ಇರ್ಲಿಲ್ಲ."

ಉಳಿದವರು ಒಬ್ಬರು. ಅವರನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಾರೆ. ಉಗಿಯಕ್ಕನ ಜೊತೆ ಇಪ್ಪತ್ಮೂರು ವರ್ಷಗಳಿಂದ ಒಂದೇ ಪಾಳಿಯಲ್ಲಿರುವವರು. ಮೊದಲ ನಾಲ್ಕು ಪುಟಗಳನ್ನು ಇಡೀ ನೆಲಮಾಳಿಗೆಗೆ ಕೇಳುವಂತೆ ಓದಿದರು. ಐದನೆಯ ಪುಟ ಬಂದಿತು. ಅವರು ಬೆನ್ನನ್ನು ನೆಟ್ಟಗೆ ಮಾಡಿ, ಎರಡು ಕೈಗಳನ್ನೂ ಸೆರಗಿನಡಿ ಕಟ್ಟಿಕೊಂಡು ಶುರುಮಾಡಿದರು.

"ಬಾಗಿಲು?"

ಉತ್ತರವನ್ನೂ ತಾವೇ ಕೊಟ್ಟರು.

"ಬಾಗಿಲು ಹಾಕಿದೆ. ಸರಿ. ಒತ್ತಡ? ಸೊನ್ನೇಲಿದೆ. ಸರಿ. ನೀರು? ಗೆರೆ ಮುಟ್ಟಿದೆ. ಸರಿ." ಪರದೆಯನ್ನು ದಿಟ್ಟಿಸಿ, ಗಂಟೆ ಹೊಡೆದ ಹಾಗೆ ಹೇಳಿದರು: "ಒತ್ತು!"

ಒತ್ತಲಾಯಿತು.

ಒತ್ತಿದವನು ನಾನು. ಮುಂದೆ ನಡೆದದ್ದನ್ನು ಯಾವ ಬಗೆಯಲ್ಲಿ ವಿವರಿಸಿದರೂ ನನಗೆ ಗೌರವ ಬರುವುದಿಲ್ಲ. ಬಲಗೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟು, ಕೈ ಚಾಚಿ, ತೋರುಬೆರಳಿನಿಂದ ಆ ತಟ್ಟೆಯಷ್ಟು ಗುಂಡಿಯನ್ನು ಒತ್ತಿದೆ. ಆ ದನಿಗೆ ಎದುರು ಹೇಳುವ ಯೋಚನೆ ಬರುವಷ್ಟು ಸಮಯ ಇರಲಿಲ್ಲ. ಚಿತ್ರದಲ್ಲಿ ಉಗಿ ಏರಿತು. "ಶಾಖ ನೂರ ಇಪ್ಪತ್ತೊಂದು ಡಿಗ್ರಿಗೆ ಬಂತಾ? ಬಂತು. ಹಿಡಿ!" ಎಂದರು. ಹಿಡಿದೆ. "ಬಿಡು!" ಬಿಟ್ಟೆ. ಎಂಟನೆಯ ಪುಟದ ಕೊನೆಯವರೆಗೆ ನಾವಿಬ್ಬರೂ ಹೀಗೆಯೇ ಸಾಗಿದೆವು. ಬಾಯಿ ಬಿಡಬಾರದೆಂಬ ನಿಯಮ ಮಾಡಿದ್ದವಳು ಮೊಮ್ಮಗಳಾದ್ದರಿಂದ ಅವಳೂ ಅಷ್ಟು ಹೊತ್ತು ಬಾಯಿ ಬಿಡಲಿಲ್ಲ. ಬಿಟ್ಟಾಗ ಬಂದ ಮಾತು ಇದು:

"ತಾತ! ಏನು ಮಾಡ್ತಿದ್ದೀರಿ?"

"ಒತ್ತು ಅಂದ್ರು," ಎಂದೆ.

"ಅವರು ಅಂದ್ರೆ ನೀವು ಒತ್ತೋದಾ? ಅಜ್ಜಿ ನಲವತ್ತೈದು ವರ್ಷದಿಂದ ಫ್ಯಾನು ಹಾಕಿ ಅಂತಾರೆ, ಒಂದು ದಿನಾನಾದ್ರೂ ಹಾಕಿದ್ದೀರಾ?"

ಮಲ್ಲಿ ಮಧ್ಯೆ ಬಾಯಿ ಹಾಕಿದರು. "ಮೇಷ್ಟ್ರನ್ನ ಯಾಕಮ್ಮ ಬೈತೀಯ? ಪಾಪ, ಚೆನ್ನಾಗಿ ಒತ್ತಿದ್ರು. ಹೇಳಿದ್ದಕ್ಕಿಂತ ಮುಂಚೆ ಇಲ್ಲ, ಆಮೇಲೂ ಇಲ್ಲ. ನಮ್ಮ ಕೋಣೆಗೆ ಬರ್ಲಿ, ಕಲಿಸ್ಕೊಡ್ತೀವಿ."

ಮೊಮ್ಮಗಳು ಬೈಯುವುದನ್ನು ನಿಲ್ಲಿಸಿದಳು. "ನಿಮ್ಮ ಕೋಣೇಲಿ ಹೀಗೇ ಮಾಡ್ತೀರಾ?"

"ಮತ್ತೆ ಹೇಗೆ ಮಾಡ್ತಾರೆ?"

ನಾವು ಪಕ್ಕದ ಕೋಣೆಯ ಗಾಜಿನ ಕಿಟಕಿಯ ಬಳಿ ಹೋಗಿ ನಿಂತೆವು. ಎರಡು ದಿನ ಅದರ ಪಕ್ಕದಲ್ಲೇ ಕುಳಿತಿದ್ದೆವು. ಒಮ್ಮೆಯೂ ಒಳಗೆ ನೋಡಿರಲಿಲ್ಲ. ಯಂತ್ರದ ಮುಂದೆ ಒಬ್ಬರು, ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಇನ್ನೊಬ್ಬರು. ಹಿಂದಿನವರು ಕೇಳುತ್ತಾರೆ, ಮುಂದಿನವರು ನೋಡಿ ಹೇಳುತ್ತಾರೆ. ಎಲ್ಲವೂ ಸರಿಯಿದ್ದರೆ ಹಿಂದಿನವರು ಒತ್ತು ಎನ್ನುತ್ತಾರೆ, ಮುಂದಿನವರು ಒತ್ತುತ್ತಾರೆ. ನೋಡಿದ ಕಣ್ಣು ಒಬ್ಬರದು, ಅಪ್ಪಣೆಯ ಬಾಯಿ ಮತ್ತೊಬ್ಬರದು. ಒಬ್ಬರೇ ಎರಡನ್ನೂ ಮಾಡುವುದು ಆ ಕೋಣೆಯಲ್ಲಿ ಇಲ್ಲ.

"ಇದನ್ನ ಯಾಕೆ ನಮಗೆ ಹೇಳ್ಲಿಲ್ಲ ಅಕ್ಕ?" ಎಂದು ಮೊಮ್ಮಗಳು ಒಳಗಿನಿಂದ ಬಂದ ಉಗಿಯಕ್ಕನನ್ನು ಕೇಳಿದಳು.

"ಏನನ್ನ ಹೇಳ್ಬೇಕಿತ್ತು?" ಎಂದರು ಅವರು. ಉಸಿರಾಡುವವರು ನಾನು ಉಸಿರಾಡುತ್ತೇನೆಂದು ಹೇಳಿಕೊಳ್ಳುವುದಿಲ್ಲ. ತಾವೇ ಮುಂದುವರಿಸಿದರು. "ಬಂದ ಹೊಸದರಲ್ಲಿ ಒಂದಿನ ನಾನೊಬ್ಬಳೇ ಇದ್ದೆ. ಎಲ್ಲ ಸರಿಯಿದೆ ಅಂತ ಮನಸ್ಸಿನಲ್ಲೇ ಅಂದ್ಕೊಂಡು ಒತ್ತಿದೆ. ಬಾಗಿಲಿನ ರಬ್ಬರು ಸರಿಯಾಗಿ ಕೂತಿರ್ಲಿಲ್ಲ. ಮೂರು ಟ್ರೇ ಶುದ್ಧವಾಗ್ದೆ ಹಸಿಹಸಿಯಾಗೇ ಥಿಯೇಟರ್ ಬಾಗಿಲವರೆಗೂ ಹೋದ್ವು. ನರ್ಸಮ್ಮ ಮುಟ್ಟಿ ನೋಡಿದ್ದಕ್ಕೆ ಆ ಹೊತ್ತು ಬಚಾವು. ಒಳಗೆ ಮಲಗಿದ್ದಿದ್ದು ಎಂಟು ವರ್ಷದ ಹುಡುಗಿ. ಆವತ್ತಿಂದ ನನ್ನ ಮನಸ್ಸು ಸರಿ ಅಂದ್ರೆ ನಾನು ನಂಬಲ್ಲ. ಇನ್ನೊಬ್ಬರ ಬಾಯಿ ಅನ್ನಬೇಕು."

ಮೊಮ್ಮಗಳು ತನ್ನ ಕಾಗದದ ಮೇಲಿದ್ದ ವಾಕ್ಯವೊಂದನ್ನು ಹೊಡೆದುಹಾಕಿದಳು. ಅದು ಪರೀಕ್ಷೆಯ ಮೊದಲನೆಯ ನಿಯಮ: ಬಳಸುವವರು ಒಬ್ಬರೇ ಕುಳಿತಿರತಕ್ಕದ್ದು. "ಒಬ್ಬೊಬ್ಬರೇ ಕೆಲಸ ಮಾಡೋರನ್ನ, ಅಂದ್ರೆ ಇಲ್ಲಿ ಇಲ್ಲದೇ ಇರೋ ಕೆಲಸಗಾರರನ್ನ ಎರಡೂವರೆ ದಿನ ಪರೀಕ್ಷೆ ಮಾಡಿದ್ದೀನಿ ತಾತ," ಎಂದಳು. "ಪಾಠ ಮಾಡಿದವರೂ ಅವರಿಗೇ ಪಾಠ ಮಾಡಿದ್ದಾರೆ."

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಮೇಜಿನ ಮುಂದೆ ಎರಡು ಕುರ್ಚಿಗಳನ್ನು ಹಾಕಲಾಯಿತು. ಉಗಿಯಕ್ಕ ಪರದೆಯ ಎದುರು, ಮಲ್ಲಿ ಒಂದು ಹೆಜ್ಜೆ ಹಿಂದೆ. ನಾನು ಈ ಸಲ ಕೈಗಳ ಮೇಲೆ ಕುಳಿತುಕೊಂಡು, ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡೆ. ಐದನೆಯ ಪುಟ ಬಂದಿತು, ಹೋಯಿತು. ಒಂಬತ್ತನೆಯ ಪುಟದಲ್ಲಿ ಇಬ್ಬರಿಗೂ ಜಗಳವಾಯಿತು.

"ಮೊದಲು ಉಗಿ ಬಿಡ್ಬೇಕು ಕಣೆ, ಆಮೇಲೆ ಬಾಗಿಲು," ಎಂದರು ಉಗಿಯಕ್ಕ.

"ನಾನೇನು ಬಾಗಿಲು ಅಂದ್ನಾ? ಉಗಿ ಬಿಡು ಅನ್ನೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ನಿನ್ನದು ಶುರು."

"ನಿನ್ನ ಬಾಯಿ ಮುಚ್ಚಿದ್ದು ಯಾವಾಗ, ತೆಗೆಯೋಕೆ?"

ಜಗಳದ ನಡುವೆ "ನೀವು ಇದ್ದೀರಾ?" ಎಂದು ಪರದೆ ಕೇಳಿತು. "ಇದ್ದೀವಿ ಅಂತ ಒತ್ತೇ," ಎಂದರು ಮಲ್ಲಿ. ಒತ್ತಿದರು. ಒಟ್ಟು ಐವತ್ತೆರಡು ನಿಮಿಷ, ತಪ್ಪು ಒತ್ತು ಸೊನ್ನೆ, ಇಪ್ಪತ್ತಕ್ಕೆ ಇಪ್ಪತ್ತು. ಪ್ರಮಾಣಪತ್ರ ಬಂದಿತು. ಅದರಲ್ಲಿ ಹೆಸರಿಗೆ ಒಂದೇ ಸಾಲಿತ್ತು.

ಸಾಹೇಬರು ಒಂದೂಮುಕ್ಕಾಲಿಗೆ ಬಂದು ಅದನ್ನು ನೋಡಿದರು. "ಇಬ್ಬರು ಕೂತು ಬರೆದ್ರಾ? ಇದಕ್ಕೆ ನಮ್ಮ ಕಾಲದಲ್ಲಿ ಕಾಪಿ ಅಂತಿದ್ರು. ಮೇಷ್ಟ್ರೇ, ನೀವಾದ್ರೂ ಹೇಳ್ಬೇಡ್ವಾ?"

"ನನ್ನ ತರಗತಿಯಲ್ಲಾಗಿದ್ದರೆ ಇಬ್ಬರನ್ನೂ ಹೊರಗೆ ಕಳಿಸ್ತಿದ್ದೆ," ಎಂದೆ. ಅದು ನಿಜ. "ನಮ್ಮ ಮಕ್ಕಳು ಒಬ್ಬೊಬ್ಬರೇ ಲೆಕ್ಕ ಮಾಡ್ತಿದ್ರು. ಇವರು ಇಬ್ಬಿಬ್ಬರಾಗಿ ಕೆಲಸ ಮಾಡ್ತಾರೆ. ಮಾಡೋ ರೀತೀಲೇ ಪರೀಕ್ಷೆ ಆಗಬೇಕು."

"ನಿಯಮ ಅಂದ್ರೆ ನಿಯಮ. ಇದು ರದ್ದು." ಅವರು ಪ್ರಮಾಣಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಗೋಡೆಯ ಗಡಿಯಾರ ಎರಡು ಹೊಡೆಯಲು ಐದು ನಿಮಿಷವಿರುವಾಗ ಥಿಯೇಟರಿನಿಂದ ಟ್ರೇಗಳ ಗಾಡಿ ಇಳಿದುಬಂದಿತು. ಅವು ನಾಲ್ಕು ಗಂಟೆಗೆ ವಾಪಸು ಬೇಕಾಗಿದ್ದವು. ಹೆಂಗಸರು ಟ್ರೇಗಳನ್ನು ಯಂತ್ರದೊಳಗೆ ಜೋಡಿಸಿ, ಬಾಗಿಲು ಹಾಕಿ, ಆರು ಮಂದಿಯೂ ಗೋಡೆಗೆ ಬೆನ್ನಾನಿಸಿ ನಿಂತರು. ಯಂತ್ರ ನಡೆಸುವವರು ಹಾಕಿಕೊಳ್ಳುವ ಟೋಪಿಯೊಂದನ್ನು ಉಗಿಯಕ್ಕ ಸಾಹೇಬರತ್ತ ಚಾಚಿದರು.

"ಗಂಟೆ ಎರಡಾಯ್ತು ಸರ್. ನಿಮ್ಮ ಆದೇಶದ ಪ್ರಕಾರ ಇನ್ನು ನಾವು ಮುಟ್ಟೋ ಹಾಗಿಲ್ಲ. ಈ ಆಸ್ಪತ್ರೇಲಿ ಸರ್ಟಿಫಿಕೇಟ್ ಇರೋದು ನಿಮಗೊಬ್ಬರಿಗೇ. ಬನ್ನಿ."

"ನಾನಾ?"

"ಹನ್ನೊಂದೇ ನಿಮಿಷದಲ್ಲಿ ಕಲಿತೋರಿಗೆ ಇದೇನು ಮಹಾ," ಎಂದರು ಮಲ್ಲಿ.

ಸೂಚನಾ ಫಲಕ ಎಲ್ಲರ ಕಣ್ಣೆದುರಿಗೇ ಇತ್ತು. ಸಾಹೇಬರು ಟೋಪಿ ಹಾಕಿಕೊಂಡು ಯಂತ್ರದ ಮುಂದೆ ನಿಂತರು. ಒತ್ತಡದ ಮುಳ್ಳನ್ನು ನೋಡಿದರು, ನೀರಿನ ಗೆರೆಯನ್ನು ಹುಡುಕಿದರು, ಬಾಗಿಲನ್ನು ಎರಡು ಸಲ ತಳ್ಳಿದರು. ಬೆರಳು ಹಸಿರು ಗುಂಡಿಯ ಬಳಿ ಹೋಯಿತು. ಅಲ್ಲಿ ನಿಂತಿತು. ಯಂತ್ರದೊಳಗೆ ಯಾರದೋ ಹೊಟ್ಟೆಯೊಳಗೆ ಹೋಗಲಿರುವ ಕತ್ತರಿಗಳಿದ್ದವು, ಮತ್ತು ಇಲ್ಲಿ ತಪ್ಪಾದರೆ ಕೆಂಪು ಬಣ್ಣ ತೋರಿಸಿ ಮತ್ತೊಮ್ಮೆ ಒತ್ತಿ ಎನ್ನುವ ಪರದೆ ಇರಲಿಲ್ಲ.

ಅವರು ಮೆಲ್ಲಗೆ ಹಿಂತಿರುಗಿ ನೋಡಿದರು. "ಈಗ... ಒತ್ತಬಹುದಲ್ವಾ?"

"ನಿಮಗೇನನ್ಸುತ್ತೆ ಸರ್?" ಎಂದಳು ನನ್ನ ಮೊಮ್ಮಗಳು. ಬೇಕೆಂದೇ ಹೇಳಿದ್ದಲ್ಲ, ಕಸುಬಿನ ಅಭ್ಯಾಸ.

ಗೋಡೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಫೋನು ರಿಂಗಣಿಸಿತು, ಟ್ರೇ ಒಳಗೆ ಹೋಯಿತೇ ಎಂದು ಥಿಯೇಟರಿನವರು ಕೇಳುತ್ತಿದ್ದರು. ಮೂರು ನಿಮಿಷ ನಲವತ್ತು ಸೆಕೆಂಡಿನ ನಂತರ ಸಾಹೇಬರು ಬೆರಳನ್ನು ಕೆಳಗಿಳಿಸಿದರು. ಅವರು ಒತ್ತಲಿಲ್ಲ. ಇದನ್ನು ಅವರ ಪರವಾಗಿ ಬರೆದುಕೊಂಡೆ.

"ಪೆನ್ನು ಕೊಡಿ," ಎಂದರು. ಫಲಕದ ಮೇಲಿದ್ದ ಆದೇಶದಲ್ಲಿ "ಪ್ರತಿಯೊಬ್ಬರೂ" ಎಂಬುದನ್ನು ಹೊಡೆದು "ಪ್ರತಿ ಜೋಡಿಯೂ" ಎಂದು ಬರೆದರು. ಜೇಬಿನಲ್ಲಿದ್ದ ಪ್ರಮಾಣಪತ್ರವನ್ನು ಬಿಡಿಸಿ, ಉಗಿಯಕ್ಕನ ಹೆಸರಿನ ಪಕ್ಕದ ಇಕ್ಕಟ್ಟು ಜಾಗದಲ್ಲಿ ಮಲ್ಲಿಯ ಹೆಸರನ್ನು ತುರುಕಿ ಸಹಿಹಾಕಿದರು. ಉಳಿದ ಎರಡು ಜೋಡಿಗಳಿಗೆ ಸೋಮವಾರದವರೆಗೆ ಗಡುವು ಕೊಟ್ಟರು. ಇಷ್ಟಕ್ಕೂ ಅವರಿಗೆ ಹಿಡಿದದ್ದು ಒಂದು ನಿಮಿಷ.

"ನಿಮ್ಮ ಸರ್ಟಿಫಿಕೇಟು ಸರ್?" ಎಂದು ಮಲ್ಲಿ ಫಲಕದತ್ತ ಗದ್ದ ಎತ್ತಿದರು.

"ಅದನ್ನ ಆಮೇಲೆ ನೋಡೋಣ."

"ಜೋಡಿ ಸಿಕ್ಕಿದ್ಮೇಲೆ ನೋಡಿ."

ಸಾಹೇಬರು ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಉಗಿಯಕ್ಕ ಆಗಲೇ ಅವರ ತಲೆಯ ಮೇಲಿಂದ ಟೋಪಿಯನ್ನು ತೆಗೆದುಕೊಂಡು, ಎಲ್ಲರನ್ನೂ ಬಾಗಿಲ ಕಡೆ ತಳ್ಳುತ್ತಿದ್ದರು. "ಸಾಕು, ನಡೀರಿ, ನಡೀರಿ. ಐದು ನಿಮಿಷ ಹಾಳಾಯ್ತು. ನಾಲ್ಕು ಗಂಟೆಗೆ ಟ್ರೇ ಮೇಲೆ ಹೋಗ್ಬೇಕು. ನಿಮ್ಮ ಲ್ಯಾಪ್‌ಟಾಪು, ಮೇಜು, ಕಾಗದ ಎಲ್ಲ ಎತ್ಕೊಳ್ಳಿ. ಉಗ್ರಾಣ ಖಾಲಿ ಬೇಕು ನನಗೆ."

ಆಡಳಿತಾಧಿಕಾರಿಗಳು, ನನ್ನ ಮೊಮ್ಮಗಳು, ನಾನು ಮೂವರೂ ಹೊರಗಿನ ಕಾರಿಡಾರಿನಲ್ಲಿ ನಿಂತೆವು. ಮೇಜಿನ ಒಂದು ತುದಿಯನ್ನು ಸಾಹೇಬರು ಹಿಡಿದಿದ್ದರು, ಇನ್ನೊಂದನ್ನು ನಾನು. ಗಾಜಿನ ಆಚೆ ಉಗಿಯಕ್ಕ ತೋಳೇರಿಸಿಕೊಂಡು, ಬಾಗಿಲನ್ನು ತೆಗೆದು, ಸಾಹೇಬರು ಎರಡು ಸಲ ತಳ್ಳಿದ್ದ ಆ ಬಾಗಿಲನ್ನು ಮೊದಲಿನಿಂದ ಹಾಕುತ್ತಿದ್ದರು.